ಗಂಡನ ಮನೆ ಬಿಟ್ಟು ಬಂದ ನಾಯಕಿ ಆರು ತಿಂಗಳಲ್ಲಿ ಇನ್ನೊಂದು ಮದುವೆಯಾಗುವುದು ನಂಬುವ ಹಾಗಿದೆಯೇ?

ನೀವು ಕೊಟ್ಟಿರುವ ಕಥೆ ಇಷ್ಟು: ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಒಂಟಿ ಮನೆ, ಹೊಡೆಯುವ ಗಂಡ, ಊರಿಗೆ ಹೊಸದಾಗಿ ಬಂದ ಮೇಷ್ಟ್ರು. ಮೇಷ್ಟ್ರು ಅವಳನ್ನು ಬಿಡಿಸಿಕೊಂಡು ಹೋಗುತ್ತಾರೆ. ದೂರು ಕೊಟ್ಟ ರಾತ್ರಿಯೇ ಪೊಲೀಸರು ಗಂಡನನ್ನು ಜೀಪಿಗೆ ಹತ್ತಿಸುತ್ತಾರೆ. ಆರು ತಿಂಗಳಿಗೆ ಮದುವೆ. ಕಾನೂನು ಎಲ್ಲಿ ತಪ್ಪಿದೆ, ಓದುಗರು ನಂಬುತ್ತಾರೆಯೇ ಎಂದು ಕೇಳಿದ್ದೀರಿ.

ಕಾನೂನು ಎರಡು ಕಡೆ ತಪ್ಪಿದೆ, ಜೀಪಿನಲ್ಲಿ ಮತ್ತು ಮದುವೆಯಲ್ಲಿ. ಎರಡನ್ನೂ ಸರಿಪಡಿಸಿದರೆ ಪ್ರೇಮಕಥೆ ಸೊರಗುವುದಿಲ್ಲ, ಗಟ್ಟಿಯಾಗುತ್ತದೆ. ಮೇಷ್ಟ್ರು ಅವಳನ್ನು ಬಿಡಿಸಬಾರದು. ಅವಳೇ ಹೊರಗೆ ಬರಬೇಕು. ಆಮೇಲೆ ಕೋರ್ಟು ಕಚೇರಿ ಎಂದು ಕಳೆಯುವ ಉದ್ದನೆಯ ಕಾಲವಿದೆಯಲ್ಲ, ಪ್ರೀತಿಗೆ ಜಾಗ ಇರುವುದು ಅಲ್ಲಿ.

ಮೊದಲು ಮದುವೆ. ಹಿಂದೂ ವಿವಾಹ ಕಾಯ್ದೆಯಲ್ಲಿ ಇಬ್ಬರೂ ಒಪ್ಪಿ ವಿಚ್ಛೇದನ ಕೇಳುವುದಾದರೆ, ಅರ್ಜಿ ಹಾಕುವ ಮೊದಲೇ ಕನಿಷ್ಠ 1 ವರ್ಷ ಬೇರೆಯಾಗಿ ಬದುಕಿರಬೇಕು. ಅರ್ಜಿಯ ನಂತರ ಮತ್ತೆ 6 ತಿಂಗಳು ಕಾಯಬೇಕು. ಈ 6 ತಿಂಗಳನ್ನು ಸಂದರ್ಭ ನೋಡಿ ಬಿಟ್ಟುಕೊಡಬಹುದು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ, ಆದರೆ ಅದು ತಾನಾಗಿ ಸಿಗುವುದಲ್ಲ, ಕೇಳಿ ಪಡೆಯಬೇಕು. ಹೊಡೆಯುವ ಗಂಡ ಅಷ್ಟು ಸುಲಭವಾಗಿ ಒಪ್ಪುವವನೂ ಅಲ್ಲ. ಒಪ್ಪದಿದ್ದರೆ ಕ್ರೌರ್ಯದ ಆಧಾರದ ಮೇಲೆ ದಾವೆ ಹೂಡಬೇಕು. ಸಾಕ್ಷಿ, ಪಾಟಿ ಸವಾಲು ಎಂದು ಅದು ವರ್ಷಗಟ್ಟಲೆ ಎಳೆಯುತ್ತದೆ. ಡಿಕ್ರಿ, ಅಂದರೆ ವಿಚ್ಛೇದನ ಕೊಡುವ ಕೋರ್ಟಿನ ತೀರ್ಪು, ಬಂದ ಮೇಲೂ ಮೇಲ್ಮನವಿಯ ಅವಧಿ ಮುಗಿಯುವವರೆಗೆ ಮರುಮದುವೆ ಕೂಡದು. ಆ ಕಾಯ್ದೆಯಲ್ಲಿ ಅದು 90 ದಿನ. ಡಿಕ್ರಿಗಿಂತ ಮೊದಲೇ ತಾಳಿ ಕಟ್ಟಿಸಿಕೊಂಡರೆ ಆ ಮದುವೆ ಊರ್ಜಿತವಾಗುವುದಿಲ್ಲ. ದ್ವಿಪತ್ನಿತ್ವ ಎಂದು ನಾವು ಕರೆಯುವ ಅಪರಾಧವೂ ಆಗುತ್ತದೆ. ಅದು ಹೆಂಗಸಿಗೂ ಅನ್ವಯಿಸುತ್ತದೆ.

ಹಾಗಾಗಿ ಕಥೆಯನ್ನು ಆರು ತಿಂಗಳಲ್ಲಿ ಮುಗಿಸುವ ಬದಲು ಎರಡು ಕೊಯ್ಲಿಗೆ ಹರಡಿ. ಅವಳು ಮಳೆಗಾಲದಲ್ಲಿ ಹೊರಬರಲಿ. ಮೊದಲ ಕೊಯ್ಲಿನ ಹೊತ್ತಿಗೆ ತವರಿನಲ್ಲಿ ಅಡಿಕೆ ಸುಲಿಯುತ್ತಾ ಕೂತಿರಲಿ. ಎರಡನೇ ಕೊಯ್ಲು ಬರುವಾಗ ಒಪ್ಪಿಗೆಯ ಅರ್ಜಿ ಮೇಜಿನ ಮೇಲಿರಲಿ. ಮಲೆನಾಡಿನ ಓದುಗರಿಗೆ ತಿಂಗಳ ಹೆಸರಿಗಿಂತ ಅಂಗಳದಲ್ಲಿ ಅಡಿಕೆ ಚಪ್ಪರ ಎದ್ದಿದೆಯೋ ಇಲ್ಲವೋ ಎಂಬುದರಿಂದಲೇ ಕಾಲ ತಿಳಿಯುತ್ತದೆ.

ಇನ್ನು ಜೀಪು. ಹೆಂಡತಿಯ ಮೇಲಿನ ಕ್ರೌರ್ಯಕ್ಕೆ ಹಾಕುತ್ತಿದ್ದ ಹಳೆಯ ದಂಡ ಸಂಹಿತೆಯ ಸೆಕ್ಷನ್ 498ಎ ಈಗ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 85. 2024ರ ಜುಲೈ 1ರ ನಂತರ ನಡೆಯುವ ಕಥೆಯಾದರೆ ಪೊಲೀಸರ ಬಾಯಲ್ಲಿ ಹೊಸ ಸಂಖ್ಯೆ ಬರಬೇಕು, ಹಳೇ ಹೆಡ್ ಕಾನ್‌ಸ್ಟೆಬಲ್ ಒಬ್ಬರು ಅಭ್ಯಾಸಬಲದಿಂದ "ಫೋರ್ ನೈಂಟಿಯೈಟ್" ಎಂದರೆ ಸಹಜವೇ. ಶಿಕ್ಷೆ 3 ವರ್ಷದವರೆಗೆ. ಇಷ್ಟು ಶಿಕ್ಷೆಯ ಪ್ರಕರಣದಲ್ಲಿ ದೂರು ಬಂದಾಕ್ಷಣ ಯಾಂತ್ರಿಕವಾಗಿ ಬಂಧಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ. ಸಾಮಾನ್ಯವಾಗಿ ಗಂಡನಿಗೆ ನೋಟಿಸ್ ಹೋಗುತ್ತದೆ, ಅವನು ಠಾಣೆಗೆ ಬಂದು ಹೇಳಿಕೆ ಕೊಟ್ಟು ಸಂಜೆ ಬಸ್ಸಿಗೆ ಮನೆಗೆ ವಾಪಸಾಗುತ್ತಾನೆ. ನಿಮ್ಮ ನಾಯಕಿಗೆ ಆ ಸಂಜೆ ಅತ್ಯಂತ ಅಪಾಯದ್ದು. ಬಂಧನದ ದೃಶ್ಯಕ್ಕಿಂತ ನೂರು ಪಾಲು ಭಯ ಹುಟ್ಟಿಸುವ ಅಧ್ಯಾಯ ಅದು. ಬಂಧನ ಬೇಕೇ ಬೇಕೆಂದಿದ್ದರೆ ಅಪರಾಧ ದೊಡ್ಡದಿರಬೇಕು. ಕತ್ತಿಯಲ್ಲಿ ಕಡಿದು ಮೂಳೆ ಮುರಿದರೆ ಅದೇ ಸಂಹಿತೆಯ ಸೆಕ್ಷನ್ 118(2), ಅಲ್ಲಿ ಲೆಕ್ಕಾಚಾರವೇ ಬೇರೆ.

ನೀವು ಪೂರ್ತಿ ಬಿಟ್ಟಿರುವುದು 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆ ಕಾಯ್ದೆ. 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಇದು ಮೊದಲಿಗೆ ಜೈಲಿಗೆ ಹಾಕುವ ಕಾಯ್ದೆಯಲ್ಲ, ಆದೇಶ ಕೊಡಿಸುವ ಕಾಯ್ದೆ. ಹೊಡೆತ ಮಾತ್ರವಲ್ಲ, ಬೈಗುಳ, ಲೈಂಗಿಕ ಬಲವಂತ, ದುಡ್ಡು ತಡೆಹಿಡಿಯುವುದು ಎಲ್ಲವೂ ಹಿಂಸೆಯೆಂದೇ ಅದರಲ್ಲಿ ಬರೆದಿದೆ. ತಾಲ್ಲೂಕಿನಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವರೇ ಈ ಕಾಯ್ದೆಯ ಸಂರಕ್ಷಣಾಧಿಕಾರಿ. ಅಂಗನವಾಡಿ ಕಾರ್ಯಕರ್ತೆ ಅದೇ ಇಲಾಖೆಯ ಕೈಕೆಳಗೆ ಕೆಲಸ ಮಾಡುವವರು. ಮಗುವಿನ ತೂಕ ಮಾಡಿಸಲು ಹೋದ ನೆಪದಲ್ಲಿ ನಾಯಕಿ ಬಾಯಿ ಬಿಡಬಹುದಾದ ಜಾಗ ಅಂಗನವಾಡಿ, ಠಾಣೆಯಲ್ಲ. ಕಥೆಗೆ ಮೇಷ್ಟ್ರಿಗಿಂತ ಮೊದಲು ಬೇಕಾದ ಪಾತ್ರ ಈ ಅಂಗನವಾಡಿ ಟೀಚರ್.

ಸಂರಕ್ಷಣಾಧಿಕಾರಿ ನಡೆದದ್ದನ್ನೆಲ್ಲ ಕೌಟುಂಬಿಕ ಘಟನಾ ವರದಿಯಾಗಿ ಬರೆದು ಮ್ಯಾಜಿಸ್ಟ್ರೇಟರಿಗೆ ಕಳಿಸುತ್ತಾರೆ. ಈ ಕಾಯ್ದೆಯ ಸೆಕ್ಷನ್ 12ರಲ್ಲಿ ರಕ್ಷಣೆ ಕೇಳುವ ಅರ್ಜಿಯನ್ನು ಅವಳು ಈಗ ಉಳಿದಿರುವ ಊರಿನ ಕೋರ್ಟಿನಲ್ಲೇ ಹಾಕಬಹುದು. ತವರು ಸಾಗರವಾದರೆ ಸಾಗರದಲ್ಲೇ, ಗಂಡನೇ ಅಲ್ಲಿಗೆ ಬರಬೇಕು. ಮೊದಲ ವಿಚಾರಣೆ ಸಾಮಾನ್ಯವಾಗಿ 3 ದಿನದೊಳಗೆ, ಇತ್ಯರ್ಥಕ್ಕೆ 60 ದಿನದೊಳಗೆ ಪ್ರಯತ್ನ ಎಂದು ಕಾಯ್ದೆ ಹೇಳುತ್ತದೆ. ನಿಜದಲ್ಲಿ ವಾಯಿದೆ ಮೇಲೆ ವಾಯಿದೆ ಬೀಳುತ್ತದೆ, ಅದನ್ನು ಮುಚ್ಚಿಡಬೇಡಿ. ಅಪಾಯ ಕಣ್ಣೆದುರಿಗಿದ್ದರೆ ಸೆಕ್ಷನ್ 23ರಲ್ಲಿ ಗಂಡನನ್ನು ಕೇಳುವ ಮೊದಲೇ ಮಧ್ಯಂತರ ಆದೇಶ ಸಿಗಬಹುದು. ರಕ್ಷಣಾ ಆದೇಶವನ್ನು ಅವನು ಮುರಿದರೆ ಆಗ 1 ವರ್ಷದವರೆಗೆ ಜೈಲು ಅಥವಾ 20,000 ರೂಪಾಯಿವರೆಗೆ ದಂಡ ಅಥವಾ ಎರಡೂ. ನಿಮ್ಮ ಜೀಪಿಗೆ ನ್ಯಾಯವಾದ ಜಾಗ ಇಲ್ಲಿದೆ.

ಮನೆಯ ವಿಚಾರ ಅವಿಭಕ್ತ ಕುಟುಂಬದ ಕಥೆಗೆ ಬಹಳ ಮುಖ್ಯ. ಮನೆ ಮಾವನ ಹೆಸರಿನಲ್ಲಿದ್ದರೂ ಸೊಸೆ ಅಲ್ಲಿ ಸಂಸಾರ ಮಾಡಿದ್ದರೆ ವಾಸದ ಹಕ್ಕು ಕೇಳಬಹುದು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ತೀರ್ಪು ಕೊಟ್ಟಿದೆ. ಗಂಡನೇ ಮನೆಯಿಂದ ಹೊರಗಿರಬೇಕು ಎಂದು ಕೋರ್ಟು ಆದೇಶಿಸಬಹುದು. ಆದರೆ ಹೆಂಗಸಿನ ವಿರುದ್ಧ ಹಾಗೆ ಹೊರಹಾಕುವ ಆದೇಶ ಬರುವುದಿಲ್ಲ. ಅಂದರೆ ಗಂಡ ಹೊರಗೆ ಹೋದರೂ ಅತ್ತೆ ಒಳಗೇ. ಒಂದೇ ಒಲೆ, ಒಂದೇ ಬಚ್ಚಲು, ಮಾತಿಲ್ಲದ ಇಬ್ಬರು ಹೆಂಗಸರು. ಇಂಥ ಅಧ್ಯಾಯವನ್ನು ಬರೆಯದೆ ಬಿಡಬೇಡಿ. ಆ ಅತ್ತೆಯೂ ಒಂದು ಕಾಲದಲ್ಲಿ ಅದೇ ಜಗಲಿಯಲ್ಲಿ ಹೊಡೆಸಿಕೊಂಡವಳಾಗಿರಬಹುದು.

ಅವಳು ಯಾಕೆ ಇಷ್ಟು ದಿನ ಬಿಟ್ಟು ಹೋಗಲಿಲ್ಲ ಎಂಬ ಪ್ರಶ್ನೆಗೆ ಉತ್ತರವನ್ನು ಮನಸ್ಸಿನ ದೌರ್ಬಲ್ಯದಲ್ಲಿ ಹುಡುಕಬೇಡಿ, ದಾರಿಯಲ್ಲಿ ಮತ್ತು ದುಡ್ಡಿನಲ್ಲಿ ಹುಡುಕಿ. ಪಕ್ಕದ ಮನೆ ಗುಡ್ಡದ ಆಚೆ. ಹೆಂಚಿನ ಮೇಲೆ ಮಳೆ ಹೊಯ್ಯುವಾಗ ಕೂಗು ಅಂಗಳ ದಾಟುವುದಿಲ್ಲ. ಹಳ್ಳ ಬಂದರೆ ಕಾಲುಸಂಕ ಮುಳುಗುತ್ತದೆ, ಕರೆಂಟು ಹೋದರೆ ಮೊಬೈಲಿಗೆ ಸಿಗ್ನಲ್ ಇಲ್ಲ. ಶಕ್ತಿ ಯೋಜನೆಯ ಉಚಿತ ಪ್ರಯಾಣ ಇರುವುದು ಸರ್ಕಾರಿ ಬಸ್ಸಿನಲ್ಲಿ. ನಮ್ಮ ಕಡೆ ಒಳದಾರಿಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಟಿಕೆಟ್ಟಿಗೆ ದುಡ್ಡು ಬೇಕು, ಮೇಲಾಗಿ ಯಾರ ಮನೆ ಸೊಸೆ ಎಲ್ಲಿ ಇಳಿದಳು ಎಂಬುದು ಕಂಡಕ್ಟರನಿಗೆ ಗೊತ್ತಿರುತ್ತದೆ. ಅಡಿಕೆ ದುಡ್ಡು ಮಂಡಿಯಿಂದ ಗಂಡನ ಖಾತೆಗೆ. ಗೃಹಲಕ್ಷ್ಮಿಯ 2,000 ರೂಪಾಯಿ ಪಡಿತರ ಚೀಟಿಯಲ್ಲಿ ಯಜಮಾನಿ ಎಂದಿರುವ ಅತ್ತೆಯ ಖಾತೆಗೆ. ಸಂಘದ ಸಾಲ ಮಾತ್ರ ಇವಳ ಹೆಸರಿಗೆ, ವಾರದ ಕಂತು ಕಟ್ಟಬೇಕಾದವಳೂ ಇವಳೇ. ತವರಿನವರು ಹಾಕಿದ ಅವಲಕ್ಕಿ ಸರ ಸೊಸೈಟಿಯಲ್ಲಿ ಅಡವು. ಇಷ್ಟನ್ನು ತೋರಿಸಿದರೆ ಯಾಕೆ ಹೋಗಲಿಲ್ಲ ಎಂದು ಯಾರೂ ಕೇಳುವುದಿಲ್ಲ.

ಅದಕ್ಕೇ ಅವಳ ಹೊರಡುವಿಕೆ ಒಂದು ರಾತ್ರಿಯ ಓಟವಾಗಬಾರದು. ವಾರಗಟ್ಟಲೆ ತಯಾರಿ ನಡೆಯಲಿ. ಆಧಾರ್, ಪಾಸ್‌ಬುಕ್, ಮಗುವಿನ ಜನನ ಪ್ರಮಾಣಪತ್ರ, ತನ್ನ ಮಾರ್ಕ್ಸ್ ಕಾರ್ಡ್, ಮದುವೆಯ ಕರೆಯೋಲೆ ಮತ್ತು ಒಂದು ಫೋಟೊ, ಪಡಿತರ ಚೀಟಿಯ ಜೆರಾಕ್ಸ್. ಒಂದೊಂದಾಗಿ ಅಂಗನವಾಡಿಯ ಬೀರು ಸೇರುತ್ತವೆ. ಬ್ಯಾಂಕಿನ ಒಟಿಪಿ ಗಂಡನ ಫೋನಿಗೆ ಬರುತ್ತಿದ್ದರೆ ಆ ನಂಬರು ಬದಲಾಯಿಸುವುದನ್ನು ಹೊರಟ ಮೇಲೆ ಮಾಡಬೇಕು. ಮೊದಲೇ ಮಾಡಿದರೆ ಅವನಿಗೆ ಮೆಸೇಜ್ ಹೋಗಿ ಎಲ್ಲ ಬಯಲಾಗುತ್ತದೆ. ತವರು ಸೇರಿಸಿಕೊಳ್ಳದಿದ್ದರೆ ಹಿಂಸೆಗೊಳಗಾದ ಹೆಂಗಸರಿಗೆ ಆಸರೆ ಕೊಡಲು ಜಿಲ್ಲೆಗೊಂದರಂತೆ ಇರುವ ಸರ್ಕಾರಿ ಸಖಿ ಕೇಂದ್ರದಲ್ಲಿ 5 ದಿನದವರೆಗೆ ಉಳಿಯಬಹುದು. ವಕೀಲರಿಗೆ ದುಡ್ಡಿಲ್ಲ ಎಂಬ ಅಡಚಣೆಯನ್ನು ಕಥೆಗೆ ತರಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲಿ ಹೆಂಗಸರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ, ತಾಲ್ಲೂಕು ಕೋರ್ಟಿನಲ್ಲೇ ಅದರ ಸಮಿತಿ ಇರುತ್ತದೆ.

ಗಾಯಗಳ ಬಗ್ಗೆ ಬರೆಯುವವರು ತಪ್ಪುವುದು ಎರಡು ಕಡೆ. ಹೆಪ್ಪುಗಟ್ಟಿದ ಗುರುತು ಮರುದಿನವೇ ಹಳದಿಯಾಗುವುದಿಲ್ಲ. ಮೊದಲು ಕೆಂಪು ನೀಲಿ, ಕೆಲವು ದಿನಕ್ಕೆ ಹಸಿರು ಛಾಯೆ, ಆಮೇಲೆ ಹಳದಿ, ಸುಮಾರು ಎರಡು ವಾರಕ್ಕೆ ಮಾಯ. ಕಪ್ಪು ಮೈಬಣ್ಣದಲ್ಲಿ ಬಣ್ಣಕ್ಕಿಂತ ಊತ ಮತ್ತು ನೋವೇ ಸಾಕ್ಷಿ. ಕುತ್ತಿಗೆ ಹಿಸುಕಿದರೆ ಹೊರಗೆ ಏನೂ ಕಾಣದಿರಬಹುದು, ದನಿ ಒಡೆಯುತ್ತದೆ, ನುಂಗಲು ಕಷ್ಟವಾಗುತ್ತದೆ, ಕಣ್ಣಿನ ಬಿಳಿಯಲ್ಲಿ ಕೆಂಪು ಚುಕ್ಕಿಗಳೇಳುತ್ತವೆ. ಇದನ್ನು ಹಗುರವಾಗಿ ಬರೆಯಲೇಬೇಡಿ. ಒಮ್ಮೆ ಕುತ್ತಿಗೆಗೆ ಕೈ ಹಾಕಿದವನು ಮುಂದೆ ಕೊಲ್ಲುವ ಸಂಭವ ಹೆಚ್ಚು. ಎರಡನೆಯದು ಆಸ್ಪತ್ರೆಯ ಚೀಟಿ. "ಬಚ್ಚಲಲ್ಲಿ ಜಾರಿ ಬಿದ್ದೆ" ಎಂದು ಅವಳು ಹೇಳಿದ್ದನ್ನೇ ವೈದ್ಯರು ಬರೆದುಕೊಳ್ಳುತ್ತಾರೆ. ಎರಡು ವರ್ಷದ ನಂತರ ಗಂಡನ ಕಡೆಯ ವಕೀಲರು ಅದೇ ಚೀಟಿ ಹಿಡಿದು ಪಾಟಿ ಸವಾಲಿಗೆ ನಿಲ್ಲುತ್ತಾರೆ. ಮೊದಲ ಭಾಗದಲ್ಲಿ ಒಂದು ಸಾಲು ಬಿತ್ತಿಡಿ, ಕೊನೆಯ ಭಾಗದಲ್ಲಿ ಅದು ಫಸಲು ಕೊಡುತ್ತದೆ.

ಗಂಡನ ಪಾತ್ರದಲ್ಲಿ ಒಂದು ಎಚ್ಚರ. ಕೊಳೆರೋಗ ಬಂದು ಫಸಲು ಉದುರಿತು, ಕುಡಿದ, ಹೊಡೆದ ಎಂಬ ಸರಪಳಿ ಹೆಣೆದಿದ್ದೀರಿ. ಅದೇ ಸಿಟ್ಟನ್ನು ಅವನು ಮಂಡಿ ಸಾಹುಕಾರರ ಮುಂದೆ ನುಂಗಿಕೊಳ್ಳುತ್ತಾನೆ, ಅಡಿಕೆ ಗೊನೆ ಇಳಿಸಲು ಬರುವ ಕೊನೆಗಾರನ ಮೇಲೆ ಕೈಯೆತ್ತುವುದಿಲ್ಲ. ಮನೆಗೆ ಬಂದು, ಬಾಗಿಲು ಹಾಕಿ, ಬಟ್ಟೆ ಮುಚ್ಚುವ ಜಾಗ ನೋಡಿ ಹೊಡೆಯುತ್ತಾನೆ. ಅಂದರೆ ಹಿಡಿತ ತಪ್ಪಿದ್ದಲ್ಲ, ಹಿಡಿತ ಸಾಧಿಸಿದ್ದು. ಮನಶ್ಶಾಸ್ತ್ರಜ್ಞೆ ಲೆನೋರ್ ವಾಕರ್ 1979ರಲ್ಲಿ ವಿವರಿಸಿದ ಚಕ್ರವನ್ನು ಬೇಕಾದರೆ ಬಳಸಿ: ಬಿಗುವು ಏರುವುದು, ಹೊಡೆತ, ಆಮೇಲೆ ಪಶ್ಚಾತ್ತಾಪ. ಎಲ್ಲ ಮನೆಯಲ್ಲೂ ಅದು ಹಾಗೇ ನಡೆಯುವುದಿಲ್ಲ. ಆದರೆ ಆ ಮೂರನೆಯ ಹಂತ, ಪೇಟೆಯಿಂದ ತಂದ ಸೀರೆ, ಮಗುವನ್ನು ಎತ್ತಿಕೊಂಡು ಅಳುವ ಗಂಡ, ಅದನ್ನು ನಿಜವಾದ ಪ್ರೀತಿಯಂತೆಯೇ ಬರೆಯಿರಿ. ಅವಳು ಅದನ್ನು ನಂಬಿದ್ದಕ್ಕೆ ಕಾರಣವಿದೆ ಎಂದು ಓದುಗರಿಗೆ ಅನ್ನಿಸಬೇಕು.

ಈಗ ಮೇಷ್ಟ್ರು. ನಿಮ್ಮ ಕರಡಿನಲ್ಲಿ ಅವರು ಅವಳ ಫೋನು ಕಸಿದು ಗಂಡನ ನಂಬರು ಬ್ಲಾಕ್ ಮಾಡುತ್ತಾರೆ, "ಇನ್ನು ನೀನು ನನ್ನ ಜವಾಬ್ದಾರಿ" ಎನ್ನುತ್ತಾರೆ, ಬಸ್‌ಸ್ಟ್ಯಾಂಡಿನಲ್ಲಿ ಗಂಡನಿಗೆ ನಾಲ್ಕು ಬಾರಿಸುತ್ತಾರೆ. ಮೂರನ್ನೂ ತೆಗೆಯಿರಿ. ಮೊದಲೆರಡು ಗಂಡ ಮಾಡುತ್ತಿದ್ದ ಕೆಲಸಗಳೇ, ದನಿ ಮಾತ್ರ ಮೆತ್ತಗಾಗಿದೆ. ಮೂರನೆಯದು ಅವಳ ಪ್ರಕರಣವನ್ನೇ ಕೆಡಿಸುತ್ತದೆ: ಗಂಡ ಪ್ರತಿದೂರು ಕೊಡುತ್ತಾನೆ, ಇವರಿಬ್ಬರ ಸಂಬಂಧ ಕಡತಕ್ಕೆ ಏರುತ್ತದೆ. ವ್ಯಭಿಚಾರ 2018ರ ಸೆಪ್ಟೆಂಬರ್ 27ರ ತೀರ್ಪಿನ ನಂತರ ಅಪರಾಧವಲ್ಲ, ನಿಜ. ಆದರೆ ವಿಚ್ಛೇದನಕ್ಕೆ ಅದು ಇಂದಿಗೂ ಆಧಾರ. ವ್ಯಭಿಚಾರದಲ್ಲಿ ಬದುಕುತ್ತಿದ್ದಾಳೆ ಎಂದು ಸಾಬೀತಾದರೆ ಜೀವನಾಂಶವೂ ತಪ್ಪುತ್ತದೆ. ಮಗು ಯಾರ ಬಳಿ ಇರಬೇಕು ಎಂಬಲ್ಲೂ ಎದುರು ವಕೀಲರು ಅದನ್ನೇ ಎತ್ತುತ್ತಾರೆ. ಆದ್ದರಿಂದ ಡಿಕ್ರಿ ಬರುವವರೆಗೆ ಈ ಇಬ್ಬರೂ ಒಂದು ವಾಟ್ಸ್‌ಆ್ಯಪ್ ಸಂದೇಶವನ್ನೂ ಅಳೆದು ಬರೆಯಬೇಕು. ಪ್ರೇಮ ಕಾದಂಬರಿಗೆ ಇದಕ್ಕಿಂತ ಒಳ್ಳೆಯ ತಡೆ ಬೇರೆ ಸಿಗಲಿಕ್ಕಿಲ್ಲ. ಹೇಳಲಾರದ ಮಾತುಗಳಿಂದಲೇ ಅರ್ಧ ಪುಸ್ತಕ ತುಂಬುತ್ತದೆ.

ಮೇಷ್ಟ್ರ ಪ್ರೀತಿ ಸಣ್ಣ ಸಂಗತಿಗಳಲ್ಲಿ ಕಾಣಲಿ. ಅವಳು ಕೂತಿರುವ ಕೋಣೆಯ ಬಾಗಿಲಿಗೆ ಅವರು ಅಡ್ಡ ನಿಲ್ಲುವುದಿಲ್ಲ. ಅಟ್ಟದಿಂದ ಏನಾದರೂ ತೆಗೆಯಲು ಕೈಯೆತ್ತಿದಾಗ ಅವಳು ಬೆಚ್ಚಿದ್ದನ್ನು ನೋಡಿ, ಮುಂದಿನ ಸಲ ಹೇಳಿ ಕೈಯೆತ್ತುತ್ತಾರೆ. "ಬೇಡ" ಎಂದರೆ ಮುಖ ಊದಿಸಿಕೊಳ್ಳುವುದಿಲ್ಲ, ಎರಡನೇ ಸಲ ಕೇಳುವುದೂ ಇಲ್ಲ. ಅವಳು ಮೊದಲ ಬಾರಿ ಅವರ ಮೇಲೆ ಸಿಟ್ಟು ಮಾಡಿಕೊಂಡು, ಹೊಡೆತ ಬೀಳಲಿಲ್ಲ ಎಂದು ತಿಳಿದು, ಆಮೇಲೆ ಒಬ್ಬಳೇ ಹೋಗಿ ಅಳುವ ದೃಶ್ಯವೊಂದನ್ನು ಯೋಚಿಸಿ. ನನಗೆ ಈ ಕಥೆಯ ನಡುಗಂಬ ಅದೇ ಅನ್ನಿಸುತ್ತದೆ.

ಕೊನೆಗೊಂದು ಮಾತು, ನಿಮ್ಮ ಓದುಗರ ಬಗ್ಗೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 2019–21ರ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ಶೇ 44ರಷ್ಟು ಮಂದಿ ಗಂಡನ ಹಿಂಸೆ ಕಂಡವರು. ಪ್ರೇಮ ಕಾದಂಬರಿಯನ್ನು ಕೈಗೆತ್ತಿಕೊಳ್ಳುವವರಲ್ಲಿ ಅವರೂ ಇದ್ದಾರೆ. ಮಹಿಳಾ ಸಹಾಯವಾಣಿ 181, ತುರ್ತಿಗೆ 112 ಎಂದು ಮುನ್ನುಡಿಯಲ್ಲಿ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದರೆ ಆ ಪುಸ್ತಕವನ್ನು ಎಷ್ಟೋ ಹೆಂಗಸರು ಮನೆಯೊಳಗೆ ಒಯ್ಯಲಾರರು. ಅದರ ಬದಲು ಮಗುವಿನ ತೂಕದ ದೃಶ್ಯದಲ್ಲಿ, ಅಂಗನವಾಡಿಯ ಗೋಡೆಯ ಮೇಲೆ, ಬಾಳೆಹಣ್ಣಿನ ಚಿತ್ರದ ಪಕ್ಕ 181 ಎಂದು ಬರೆದಿರಲಿ, ನಾಯಕಿ ಅದನ್ನು ಎರಡು ಸಲ ಓದಿಕೊಳ್ಳಲಿ.