ಆಡಿನ ಜಂತುಹುಳುವಿಗೆ ಬೇವು, ಪಪ್ಪಾಯಿ ಬೀಜದ ಕಷಾಯ ಸಾಕೇ?

ಅಂಗಡಿ ಔಷಧ ಬೇಡ, ಕಷಾಯವನ್ನು ಎಷ್ಟು ಕುಡಿಸಲಿ ಎಂದು ಕೇಳಿದ್ದೀರಿ. ಇದೇ ಹುಮ್ಮಸ್ಸಿನಲ್ಲಿ ಸೋಮವಾರಪೇಟೆ ಕಡೆಯ ನಮ್ಮ ಕೊಟ್ಟಿಗೆಯಲ್ಲಿ ನಾನು ಐದು ಆಡು ಕಳೆದುಕೊಂಡೆ.

ಮಳೆ ಹಿಡಿಯುತ್ತಿದ್ದಂತೆ ಕುಶಾಲನಗರದಿಂದ ಬೇವಿನ ಸೊಪ್ಪು ತಂದು, ಪಪ್ಪಾಯಿ ಬೀಜದ ಜೊತೆ ಅರೆದು, ಹದಿನಾಲ್ಕು ಆಡುಗಳಿಗೂ ಗೊಟ್ಟದಲ್ಲಿ ಕುಡಿಸಿದೆ. ಮೂರನೇ ದಿನ ಹಿಕ್ಕೆಯಲ್ಲಿ ಅನ್ನದ ಅಗುಳಿನಂತಹ ಬಿಳಿ ತುಂಡುಗಳು. ಹುಳು ಬಿತ್ತು ಎಂದು ಬೀಗಿದೆ. ಪಕ್ಕದ ತೋಟದವರಿಗೂ ಪಾಠ ಹೇಳಿದೆ!

ನನ್ನನ್ನು ಮುಳುಗಿಸಿದ್ದು ಆ ಬಿಳಿ ತುಂಡುಗಳೇ. ಅವು ಲಾಡಿಹುಳುವಿನವು, ಮದ್ದು ಕುಡಿಸಲಿ, ಬಿಡಲಿ, ತಾವಾಗಿಯೇ ಕಳಚಿ ಬೀಳುತ್ತವೆ. ದೊಡ್ಡ ಆಡುಗಳಿಗೆ ಅದರಿಂದ ಅಂಥ ಕಾಟವೂ ಇಲ್ಲ. ಕೊಲ್ಲುವುದು ಹೀಮಾಂಕಸ್. ಎರಡು ಮೂರು ಸೆಂಟಿಮೀಟರಿನ ಈ ಹುಳು ಆಡಿನ ನಾಲ್ಕನೇ ಹೊಟ್ಟೆಯಲ್ಲಿ ಕೂತು ರಕ್ತ ಹೀರುತ್ತದೆ, ಹೆಣ್ಣು ದಿನಕ್ಕೆ 5,000ಕ್ಕೂ ಹೆಚ್ಚು ಮೊಟ್ಟೆ ಇಡುತ್ತದೆ. ಆ ಮೊಟ್ಟೆ ಸೂಕ್ಷ್ಮದರ್ಶಕಕ್ಕಷ್ಟೇ ಕಾಣುತ್ತದೆ. ಭೇದಿಯೂ ಇರಲಿಲ್ಲ, ಹಿಕ್ಕೆ ಗಟ್ಟಿಯಾಗಿಯೇ ಇತ್ತು. ಹಾಗಾಗಿ ಗದ್ದದ ಕೆಳಗೆ ನೀರು ತುಂಬಿ ಚೀಲದಂತೆ ಜೋತಾಗಲೂ ಜಿಗಣೆ ಕಚ್ಚಿರಬೇಕು ಎಂದುಕೊಂಡೆ. ಪಶುವೈದ್ಯರು ಕೆಳರೆಪ್ಪೆ ಎಳೆದು ತೋರಿಸಿದರು: ರಕ್ತವಿಲ್ಲದೆ ಕಾಗದದ ಬಿಳುಪು. ಅಷ್ಟರಲ್ಲಿ ಎರಡು ಸತ್ತಿದ್ದವು, ಆಮೇಲೆ ಇನ್ನೂ ಮೂರು.

ಅದಕ್ಕೇ ಕಷಾಯದ ಅಳತೆಯನ್ನು ನಾನು ಹೇಳುವುದಿಲ್ಲ. ಪ್ರಯೋಗಾಲಯದ ತಟ್ಟೆಯಲ್ಲಿ ಹುಳು ಕೊಂದ ರಸ ಆಡಿನ ಹೊಟ್ಟೆ ಸೇರಿದ ಮೇಲೆ ತೆಳುವಾಗಿಬಿಡುತ್ತದೆ. ಒಂದು ಮರದ ಸೊಪ್ಪಿನ ಸತ್ವ ಇನ್ನೊಂದಕ್ಕಿಲ್ಲ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಸತ್ವ ಲಾಡಿಹುಳುವಿಗೆ ನಾಟುವುದು ನಿಜ, ಹೆಚ್ಚಾದರೆ ಆಡಿಗೂ ವಿಷ. ನಾನೇನು ಸೊಪ್ಪಿನ ವೈರಿಯಲ್ಲ, ಕೊಡಗಿನ ಕಕ್ಕಡ ಮಾಸದ ಹದಿನೆಂಟನೇ ದಿನ ಮದ್ದುಸೊಪ್ಪಿನ ಪಾಯಸ ತಪ್ಪಿಸಿದವನಲ್ಲ.

ಮೊದಲು ಹಿಕ್ಕೆ ಪರೀಕ್ಷೆ ಮಾಡಿಸಿ. ಔಷಧವನ್ನು ತೂಕ ನೋಡಿಯೇ ಕುಡಿಸಿ, ಗಬ್ಬದ ಆಡಿದ್ದರೆ ವೈದ್ಯರಿಗೆ ಮುಂಚೆಯೇ ತಿಳಿಸಿ. ಗಬ್ಬದ ಮೊದಲ ದಿನಗಳಲ್ಲಿ ಆಲ್ಬೆಂಡಜೋಲ್ ಎಂಬ ಜಂತುಹುಳು ಔಷಧ ಕೂಡದು. ಎಲ್ಲಕ್ಕೂ ಪದೇ ಪದೇ ಕುಡಿಸಿದರೆ ಹುಳುಗಳು ಔಷಧಕ್ಕೆ ಬಗ್ಗದಂತಾಗುತ್ತವೆ. ಮಳೆಗಾಲದಲ್ಲಿ ನಾನು ಎರಡು ವಾರಕ್ಕೊಮ್ಮೆ ರೆಪ್ಪೆ ನೋಡಿ, ಬಿಳಚಿಕೊಂಡವಕ್ಕೆ ಮಾತ್ರ ಕುಡಿಸುತ್ತೇನೆ. ಮರಿಹುಳು ಇರುವುದು ಹುಲ್ಲಿನ ಬುಡದಲ್ಲಿ. ಆದ್ದರಿಂದ ಬಾಣೆಯ (ಮೇವಿನ ಬಯಲಿನ) ಗಿಡ್ಡ ಹುಲ್ಲಿಗೆ ಬಿಡದೆ ಹಲಸಿನ ಸೊಪ್ಪನ್ನು ಎತ್ತರಕ್ಕೆ ಕಟ್ಟುತ್ತೇನೆ. ಬೇವು ಈಗ ಕೊಟ್ಟಿಗೆಯ ಹೊಗೆಗೆ.