ಪೈಪಿನ ಇನ್ನೊಂದು ತುದಿ ಎಲ್ಲಿದೆ?

ಪ್ರಿಯ ಮಿತ್ರರೇ,

ನೀವು ಕಳುಹಿಸಿದ ‘ಜೀಪು ಕಲಿಸಿದ ಪಾಠ’ ನನ್ನ ಮೇಜಿನ ಮೇಲೆ ಬಂದು ಕೂತು ತಿಂಗಳಾಯಿತು. ಒಪ್ಪಿಗೆಯೋ ವಿಷಾದವೋ, ಎರಡು ಸಾಲಿನಲ್ಲಿ ಮುಗಿಸಿ ಮುಂದಿನ ಲಕೋಟೆಗೆ ಕೈ ಹಾಕುವುದು ನನ್ನ ರೂಢಿ. ನಿಮ್ಮ ಬರಹ ಅದಕ್ಕೆ ಬಿಡಲಿಲ್ಲ. ಓದಿದ ರಾತ್ರಿ ಸಿಟ್ಟು ಬಂತು, ಮರುದಿನ ಓದಿದಾಗ ಇನ್ನೂ ಹೆಚ್ಚು ಬಂತು. ಸಿಟ್ಟು ಬರಿಸುವ ಬರಹ ಈಗ ಅಪರೂಪ. ಹೆಚ್ಚಿನವು ಆಕಳಿಕೆ ತರಿಸುತ್ತವೆ. ಹಾಗಾಗಿ ಈ ಉದ್ದದ ಪತ್ರ. ಹೆಸರು ಬಿಟ್ಟು ಇದನ್ನು ಅಂಕಣದಲ್ಲೂ ಹಾಕುತ್ತೇನೆ, ಬೇಸರಿಸಬೇಡಿ.

ಮೊದಲು ಒಳ್ಳೆಯ ಮಾತು. ನಿಮ್ಮ ಕನ್ನಡ ಸ್ವಚ್ಛವಾಗಿದೆ, ಕಾಗುಣಿತದ ತಪ್ಪಿಲ್ಲ. ಕೊಡಚಾದ್ರಿಯ ದಾರಿಯಲ್ಲಿ ಮಳೆನೀರು ಕೊರೆದ ಎರಡು ಹಳ್ಳಗಳ ನಡುವಿನ ದಿಣ್ಣೆಯ ಮೇಲೆ ಚಕ್ರ ಇಟ್ಟು ಸಾಗುವ ಭಾಗ ಚೆನ್ನಾಗಿದೆ. ಅಜ್ಜನ ಪ್ರಸಂಗವೂ ಅಡ್ಡಿಯಿಲ್ಲ. ಹೊಗಳಿಕೆ ಇಲ್ಲಿಗೆ ಸಾಕು.

ನನ್ನ ತಕರಾರು ಇರುವುದು ಎರಡನೆಯ ಪುಟದ ಐದು ವಾಕ್ಯಗಳ ಮೇಲೆ. ಅಂಕಣದ ಓದುಗರಿಗಾಗಿ ಹಿನ್ನೆಲೆ ಹೇಳಿಬಿಡುತ್ತೇನೆ. ನಿಮ್ಮ ಬಳಿ ಹಳೆಯ ಮಹೀಂದ್ರ ಎಂಎಂ 540 ಜೀಪು ಇದೆ. ಹಿಂದಿನ ಮಾಲೀಕರು ಅದಕ್ಕೆ ಬೇರೊಂದು ಗಾಡಿಯ ಪವರ್ ಸ್ಟಿಯರಿಂಗ್ ಕೂರಿಸಿಕೊಂಡಿದ್ದರು. ಮೂಲದ ಪ್ಯೂಜೊ ಎಕ್ಸ್‌ಡಿಪಿ 4.90 ಇಂಜಿನ್, ಅಂದರೆ 90 ಮಿ.ಮೀ. ಬೋರಿನ ನಾಲ್ಕು ಸಿಲಿಂಡರಿನ ಡೀಸೆಲ್, ಹೊಗೆ ಉಗುಳತೊಡಗಿದಾಗ ನೀವು ಗುಜರಿಗೆ ಬಂದ ಮಹೀಂದ್ರ ಕಮಾಂಡರ್ ಒಂದರ ಡಿಐ (ಡೈರೆಕ್ಟ್ ಇಂಜೆಕ್ಷನ್) ಇಂಜಿನ್ ತಂದು ಹಾಕಿಸಿದಿರಿ. ಅದರಲ್ಲಿ ಪವರ್ ಸ್ಟಿಯರಿಂಗ್ ಪಂಪು, ಅಂದರೆ ಇಂಜಿನ್ನಿನ ಬಲದಿಂದ ಆಯಿಲ್ ಒತ್ತಿ ಸ್ಟಿಯರಿಂಗ್ ಹಗುರಾಗಿಸುವ ಪಂಪು, ಇರಲಿಲ್ಲ. ಹಳೆಯ ಪಂಪು ಹೊಸ ಇಂಜಿನ್ನಿಗೆ ಕೂರಲಿಲ್ಲ. ಮುಂದಿನದು ನಿಮ್ಮದೇ ಮಾತು:

“ಪಂಪು ಹೊಂದಿಕೆಯಾಗದ ಕಾರಣ ಪವರ್ ಸ್ಟಿಯರಿಂಗನ್ನು ಬೈಪಾಸ್ ಮಾಡಲಾಯಿತು. ಪೈಪುಗಳನ್ನು ತೆಗೆದು ಮುಚ್ಚಲಾಯಿತು. ಮೇಸ್ತ್ರಿಯ ಮಾಂತ್ರಿಕ ಕೈಗಳು ತಮ್ಮ ಕೆಲಸ ಮುಗಿಸಿದವು. ಅಂದಿನಿಂದ ಸ್ಟಿಯರಿಂಗ್ ಬಂಡೆಯಂತೆ ಭಾರ. ಆ ಭಾರವೇ ಬದುಕಿನ ಭಾರವನ್ನು ಹೊರಲು ನನಗೆ ಕಲಿಸಿತು.”

ಒಂದೊಂದಾಗಿ ನೋಡೋಣ.

“ಪಂಪು ಹೊಂದಿಕೆಯಾಗದ ಕಾರಣ.” ಯಾವುದು ಯಾವುದಕ್ಕೆ ಹೊಂದಲಿಲ್ಲ? ಪಂಪನ್ನು ಬಿಗಿಯುವ ಬ್ರಾಕೆಟ್ಟಿನ ತೂತುಗಳು ಇಂಜಿನ್ನಿನ ತೂತುಗಳಿಗೆ ಸರಿ ಬೀಳಲಿಲ್ಲವೇ? ಬ್ರಾಕೆಟ್ ಕೂತರೂ ಪಂಪಿನ ಪುಲ್ಲಿ ಕ್ರ್ಯಾಂಕ್ ಪುಲ್ಲಿಯ ನೇರಕ್ಕೆ ಬರಲಿಲ್ಲವೇ? ಅದು ಒಂದಿಷ್ಟು ಆಚೀಚೆ ಆದರೂ ಬೆಲ್ಟು ಸವೆಯುತ್ತದೆ, ಇಲ್ಲವೇ ಹಾರಿಹೋಗುತ್ತದೆ. ಬೇರೆ ಬ್ರಾಕೆಟ್ ಮಾಡಿಸಬಹುದಿತ್ತು. ಮಂಗಳೂರಿನ ಕೈಗಾರಿಕಾ ಪ್ರದೇಶ ಬೈಕಂಪಾಡಿಯಲ್ಲಿ ಲೇತಿಗೆ ಬರಗಾಲವಿಲ್ಲ. ಮಾಡಿಸಲಿಲ್ಲ. ಏಕೆ? ದುಡ್ಡು ಮುಗಿದಿತ್ತೇ? ಮೇಸ್ತ್ರಿ ಬೇಡ ಎಂದರೇ? ನೀವೇ ಅವಸರ ಮಾಡಿದಿರಾ? ಇಡೀ ಬರಹದಲ್ಲಿ ನೀವು ಒಂದು ನಿರ್ಧಾರ ತೆಗೆದುಕೊಂಡ ಜಾಗ ಇದೊಂದೇ. ಅಲ್ಲಿಯೇ “ಮಾಡಲಾಯಿತು” ಎಂದು ಬರೆದು ಮರೆಗೆ ಸರಿದಿದ್ದೀರಿ. ಪಂಚಾಯಿತಿಯ ನಡಾವಳಿಯಲ್ಲಿ ಇದು ನಡೆಯುತ್ತದೆ, ಅಲ್ಲಿ ಯಾರು ಮಾಡಿದರೆಂದು ತಿಳಿಯದಿರುವುದೇ ಎಲ್ಲರಿಗೂ ಕ್ಷೇಮ. ನಿಮ್ಮ ಸ್ವಂತ ಜೀಪಿನ ಕಥೆಯಲ್ಲಿ ನಿಮಗೆ ಯಾರ ಹೆದರಿಕೆ?

“ಪೈಪುಗಳನ್ನು ತೆಗೆದು ಮುಚ್ಚಲಾಯಿತು.” ನಾನು ಎದ್ದು ಹೊರಟದ್ದು ಈ ವಾಕ್ಯ ಓದಿದ ಮೇಲೆ. ನಿಮ್ಮ ಎರಡನೆಯ ಪುಟವನ್ನು ಮಡಚಿ ಜೇಬಿಗೆ ಹಾಕಿಕೊಂಡು ಉದ್ಯಾವರದ ಒಂದು ಗ್ಯಾರೇಜಿಗೆ ಹೋದೆ. ಅಲ್ಲಿನ ಮೇಸ್ತ್ರಿಗೆ ಓದಿ ಹೇಳಿದೆ. ಅವರು ನಗಲಿಲ್ಲ. “ಏನು ಮುಚ್ಚಿದರು?” ಎಂದು ಕೇಳಿದರು. ನನ್ನಲ್ಲಿ ಉತ್ತರ ಇರಲಿಲ್ಲ, ನಿಮ್ಮ ಪುಟದಲ್ಲೂ ಇಲ್ಲ. ಆಗ ಬೆಂಚಿನ ಮೇಲಿದ್ದ ಹಳೆಯ ಪವರ್ ಸ್ಟಿಯರಿಂಗ್ ಬಾಕ್ಸ್ (ಸ್ಟಿಯರಿಂಗಿನ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಪೆಟ್ಟಿಗೆ) ಒಂದನ್ನು ವೇಸ್ಟ್ ಬಟ್ಟೆಯಿಂದ ಒರೆಸಿ ನನ್ನ ಮುಂದೆ ತಿರುಗಿಸಿಟ್ಟರು. ಅದಕ್ಕೆ ಎರಡು ಬಾಯಿ. ಒಂದಕ್ಕೆ ಪಂಪಿನಿಂದ ಒತ್ತಡದ ಆಯಿಲ್ ಬರುತ್ತದೆ, ಇನ್ನೊಂದರಿಂದ ಅದು ಆಯಿಲ್ ಡಬ್ಬಿಗೆ ವಾಪಸು ಹೋಗುತ್ತದೆ. ಒಳಗೊಂದು ಪಿಸ್ಟನ್, ಅದರ ಎರಡೂ ಕಡೆ ಆಯಿಲ್. ಪಂಪು ಇರಲಿ ಬಿಡಲಿ, ನೀವು ಸ್ಟಿಯರಿಂಗ್ ತಿರುಗಿಸಿದಾಗಲೆಲ್ಲ ಆ ಪಿಸ್ಟನ್ ಸರಿಯಲೇಬೇಕು. ಅದು ಸರಿಯಬೇಕಾದರೆ ಒಂದು ಕಡೆಯ ಆಯಿಲ್ ಇನ್ನೊಂದು ಕಡೆಗೆ ಹೋಗಬೇಕು.

ಅದಕ್ಕಾಗಿ, ಪಂಪು ತೆಗೆದಾಗ ಮಾಡುವ ಕೆಲಸ ಇಷ್ಟು: ಆಯಿಲ್ ತಡೆದುಕೊಳ್ಳುವ ಗಿಡ್ಡ ಹೋಸ್ ಪೈಪೊಂದರಿಂದ ಈ ಬಾಯಿಗೂ ಆ ಬಾಯಿಗೂ ಸೇತುವೆ ಕಟ್ಟುವುದು, ಒಳಗೆ ಆಯಿಲ್ ಬಿಟ್ಟಿರುವುದು. ಆಯಿಲ್ ಅಲ್ಲಲ್ಲಿಯೇ ಸುತ್ತುತ್ತದೆ, ಸೀಲುಗಳು ಒಣಗುವುದಿಲ್ಲ. ಬಾಯಿಗಳನ್ನು ತೆರೆದೇ ಬಿಟ್ಟರೆ ಆಯಿಲ್ ಸೋರಿ, ನಮ್ಮ ಕಡೆಯ ಮಳೆಗೆ ಕೆಂಪು ಕೆಸರು ಒಳಗೆ ಸೇರಿ, ಉಪ್ಪುಗಾಳಿಗೆ ತುಕ್ಕು ಹಿಡಿಯುತ್ತದೆ. ಎರಡಕ್ಕೂ ಬೋಲ್ಟ್ ಜಡಿದು ಮುಚ್ಚಿದರೆ? ಮೇಸ್ತ್ರಿ ಎರಡು ಹೆಬ್ಬೆರಳುಗಳಿಂದ ಎರಡು ಬಾಯಿಗಳನ್ನೂ ಒತ್ತಿ ಹಿಡಿದು, “ಈಗ ಆಯಿಲ್ ಎಲ್ಲಿಗೆ ಹೋಗಬೇಕು ಹೇಳಿ” ಎಂದರು. ಎಲ್ಲಿಗೂ ಹೋಗುವುದಿಲ್ಲ. ಸ್ಟಿಯರಿಂಗ್ ಹಟ ಹಿಡಿಯುತ್ತದೆ, ನೀವು ಬಲ ಹಾಕಿದಷ್ಟೂ ಏಟು ಸೀಲುಗಳಿಗೆ.

ನೀವು “ಮುಚ್ಚಲಾಯಿತು” ಎಂದು ಬರೆದದ್ದು ಏನನ್ನು? ಬಾಕ್ಸಿನ ಬಾಯಿಗಳನ್ನೇ? ಅಥವಾ ಸೇತುವೆ ಕಟ್ಟಿದ್ದನ್ನು ನೋಡದೆ, ಎಲ್ಲ ಮುಗಿದ ಮೇಲೆ ಬಾನೆಟ್ ಮುಚ್ಚುವ ಹೊತ್ತಿಗೆ ಹೋಗಿ ಊಹಿಸಿ ಬರೆದಿರೇ? ಕೆಲಸ ತಪ್ಪೋ ವಾಕ್ಯ ತಪ್ಪೋ ನನಗೆ ತಿಳಿಯುತ್ತಿಲ್ಲ. ಓದುಗನನ್ನು ಈ ಸ್ಥಿತಿಯಲ್ಲಿ ನಿಲ್ಲಿಸಬಾರದು.

“ಮೇಸ್ತ್ರಿಯ ಮಾಂತ್ರಿಕ ಕೈಗಳು.” ಇದಕ್ಕೆ ಉತ್ತರ ಕೊಡಲು ನಾನು ಸ್ವಲ್ಪ ಹಿಂದಕ್ಕೆ ಹೋಗಬೇಕು. ನಾನು ಮಂಗಳೂರಿನ ಒಂದು ಸಣ್ಣ ಮುದ್ರಣಾಲಯದಲ್ಲಿ ಪ್ರೂಫ್ ಹೊತ್ತು ಓಡಾಡುವ ಹುಡುಗನಾಗಿ ಸೇರಿದವನು. ಮದುವೆ ಕಾಗದ, ಬಿಲ್ ಪುಸ್ತಕ, ಯಕ್ಷಗಾನದ ಕರಪತ್ರ ಅಚ್ಚಾಗುತ್ತಿದ್ದ ಜಾಗ. ಟ್ರೆಡಲ್ ಅಚ್ಚಿನ ಯಂತ್ರ ನಡೆಸುತ್ತಿದ್ದ ಹಿರಿಯರೊಬ್ಬರಿಗೆ ಓದು ಬರಹ ಅಷ್ಟಾಗಿ ಬರುತ್ತಿರಲಿಲ್ಲ. ಬಿಡಿಭಾಗ ಬೇಕಾದಾಗ ಪರವೂರಿನ ವ್ಯಾಪಾರಿಗೆ ಕಾಗದ ಬರೆಯುವ ಕೆಲಸ ನನ್ನ ಪಾಲಿನದು. ಅವರು ತುಳುವಿನಲ್ಲಿ ಹೇಳುತ್ತಿದ್ದರು, ನಾನು ಕನ್ನಡದಲ್ಲಿ ಬರೆಯುತ್ತಿದ್ದೆ, ಬರೆದದ್ದನ್ನು ಓದಿ ಹೇಳಬೇಕಿತ್ತು. ಶಾಯಿಯ ರೋಲರುಗಳು ಆಗ ಅಂಟು ಮತ್ತು ಗ್ಲಿಸರಿನ್ ಸೇರಿಸಿ ಎರಕ ಹೊಯ್ದವು. ಆಟಿ ಎಂಬ ತುಳುವರ ಮಳೆಗಾಲದ ತಿಂಗಳ ತೇವಕ್ಕೆ ಮೆತ್ತಗಾಗುತ್ತಿದ್ದವು. “ರೋಲರ್ ಕೆಟ್ಟಿದೆ ಎಂದು ಬರೆದರೆ ಅವನಿಗೆ ಏನು ಅರ್ಥವಾಯಿತು?” ಎನ್ನುತ್ತಿದ್ದರು. “ಎಡ ತುದಿಯಲ್ಲಿ ಎರಡು ಬೆರಳಗಲ ಕಿತ್ತು ಬಂದಿದೆ, ನಡುವೆ ಅಂಟುತ್ತದೆ, ಸರಳು ಸರಿಯಿದೆ, ಅಂಟು ಮಾತ್ರ ಹೊಸತಾಗಿ ಹೊಯ್ದು ಕೊಡಿ ಎಂದು ಬರೆ.” ಒಂದು ಮಾತು ಸಡಿಲವಾದರೆ ಪಾರ್ಸೆಲ್ ಲಾರಿಯಲ್ಲಿ ಬೇರೆಯೇ ವಸ್ತು ಬಂದು ಇಳಿಯುತ್ತಿತ್ತು. ನನಗೆ ಗದ್ಯ ಕಲಿಸಿದವರು ಅವರು. ಕಾಲೇಜಿನಲ್ಲಿ ನಮಗೆ ಅಲಂಕಾರಗಳ ಪಟ್ಟಿ ಬಾಯಿಪಾಠ ಮಾಡಿಸಿದವರ ಬಗ್ಗೆ ಗೌರವವಿದೆ, ಆದರೂ ಹೇಳುತ್ತಿದ್ದೇನೆ.

ಅವರ ಬಲಗೈಯ ತೋರುಬೆರಳಿನ ತುದಿ ಇರಲಿಲ್ಲ. ಟ್ರೆಡಲ್ ಬಾಯಿ ಮುಚ್ಚುವ ಮೊದಲು ಕಾಗದ ಇಟ್ಟು ಕೈ ತೆಗೆಯಬೇಕು, ಒಂದು ಸಲ ತಡವಾಗಿತ್ತು. ಆ ಕೈಗೆ ಯಾರಾದರೂ “ಮಾಂತ್ರಿಕ” ಎಂದಿದ್ದರೆ ಅವರು ಏನನ್ನುತ್ತಿದ್ದರೋ! ನಿಮ್ಮ ಮೇಸ್ತ್ರಿಯ ಕೈ ಹೇಗಿತ್ತು? ಯಾವ ಸ್ಪ್ಯಾನರ್ ಎತ್ತಿಕೊಂಡರು? ಪೈಪಿನ ನಟ್ಟು ಸಡಿಲಾಗದೆ ಸೀಮೆಎಣ್ಣೆ ಬಿಟ್ಟು ಕಾದರೇ? ಪಂಪು ಹೋದ ಮೇಲೆ ಬೆಲ್ಟಿನ ದಾರಿ ಏನಾಯಿತು? ಕೆಲವು ಇಂಜಿನ್ನುಗಳಲ್ಲಿ ಅದೇ ಬೆಲ್ಟು ವಾಟರ್ ಪಂಪನ್ನೂ ಆಲ್ಟರ್ನೇಟರನ್ನೂ ತಿರುಗಿಸುತ್ತದೆ, ನಡುವಿನ ಒಂದು ಪುಲ್ಲಿ ತೆಗೆದರೆ ಬೆಲ್ಟಿನ ಅಳತೆಯೇ ಬದಲಾಗುತ್ತದೆ. ಮಾಂತ್ರಿಕ ಎಂಬ ಮಾತು ಈ ಎಲ್ಲ ಪ್ರಶ್ನೆಗಳನ್ನೂ ನುಂಗಿ ಕೂತಿದೆ. ಅದು ಮೇಸ್ತ್ರಿಗೆ ಕೊಟ್ಟ ಮರ್ಯಾದೆ ಎಂದು ನೀವು ತಿಳಿದಿದ್ದೀರಿ. ಅವರ ಕೆಲಸವನ್ನು ನೋಡಿ ಬರೆದಿದ್ದರೆ ಅದು ಮರ್ಯಾದೆಯಾಗುತ್ತಿತ್ತು.

“ಸ್ಟಿಯರಿಂಗ್ ಬಂಡೆಯಂತೆ ಭಾರ.” ಯಾವಾಗ? ನಿಂತಲ್ಲೇ ತಿರುಗಿಸುವಾಗಲೇ, ಓಡುವಾಗಲೂ ಹೌದೇ? ಪಂಪಿಲ್ಲದ ಗಾಡಿ ಅಂಗಳದಲ್ಲಿ ತಿರುಗಿಸುವಾಗ ಬೆವರಿಳಿಸುತ್ತದೆ, ಚಕ್ರ ಉರುಳತೊಡಗಿದರೆ ಹಗುರಾಗುತ್ತದೆ. ಆಗುಂಬೆಯ ತಿರುವುಗಳಲ್ಲಿ ಎರಡನೇ ಗೇರಿನಲ್ಲಿ ಹತ್ತುವಾಗ ಮತ್ತೆ ಭುಜಕ್ಕೆ ಕೆಲಸ. ಇನ್ನೊಂದು ಸಂಗತಿ: ಪವರ್ ಬಾಕ್ಸಿನಲ್ಲಿ ಸಾಮಾನ್ಯವಾಗಿ ಈ ಕೊನೆಯಿಂದ ಆ ಕೊನೆಗೆ ಸುತ್ತು ಕಡಿಮೆ, ಬಲ ಕೊಡಲು ಪಂಪು ಇದೆ ಎಂಬ ಭರವಸೆಯಲ್ಲಿ ಹಾಗೆ ಮಾಡಿರುತ್ತಾರೆ. ಸಾದಾ ಬಾಕ್ಸಿನಲ್ಲಿ ಸುತ್ತು ಹೆಚ್ಚು, ಭಾರ ಕಡಿಮೆ. ಆದ್ದರಿಂದ ಪಂಪು ಕಳೆದುಕೊಂಡ ಪವರ್ ಬಾಕ್ಸು, ಪವರ್ ಸ್ಟಿಯರಿಂಗನ್ನೇ ಕಾಣದ ಹಳೆಯ ಜೀಪಿಗಿಂತಲೂ ಭಾರ. ಜೊತೆಗೆ ನಡುವೆ ಒಂದಿಷ್ಟು ಪ್ಲೇ, ಅಂದರೆ ಸಡಿಲ, ಬರುತ್ತದೆ: ಬಾಕ್ಸಿನೊಳಗಿನ ತೆಳ್ಳಗಿನ ತಿರುಚು ಸರಳು ಮೊದಲು ತಾನು ತಿರುಚಿಕೊಂಡು, ಆಮೇಲೆ ಚಕ್ರಕ್ಕೆ ಸುದ್ದಿ ಮುಟ್ಟಿಸುತ್ತದೆ. ಕಲ್ಲಿಗೆ ಮುಂಚಕ್ರ ಬಡಿದಾಗ ಸ್ಟಿಯರಿಂಗ್ ತಿರುಗಿ ಒದೆಯುವುದೂ ಹೆಚ್ಚು. ಹೆಬ್ಬೆರಳನ್ನು ಒಳಗೆ ಸುತ್ತಿ ಹಿಡಿಯಬೇಡ ಎಂದು ಹಳೆಯ ಜೀಪು ಚಾಲಕರು ಹೇಳುವುದು ಇದಕ್ಕೇ. ಇದೆಲ್ಲ ನಿಮ್ಮ ಅಂಗೈಗೆ ಗೊತ್ತಿದೆ, ಆ ಜೀಪಿನಲ್ಲಿ ಕೊಡಚಾದ್ರಿ ಹತ್ತಿ ಇಳಿದವರು ನೀವು. ಒಂದು ಅಕ್ಷರವೂ ಪುಟಕ್ಕೆ ಬಂದಿಲ್ಲ. ಬಂಡೆ ಬಂದಿದೆ.

ಕೊನೆಗೆ “ಬದುಕಿನ ಭಾರ”. ಮೇಲಿನ “ಮುಚ್ಚಲಾಯಿತು” ನಿಜವಾಗಿದ್ದರೆ, ಮಿತ್ರರೇ, ನೀವು ಬದುಕಿನ ಭಾರವೆಂದು ಬರೆದದ್ದು ಬಾಕ್ಸಿನೊಳಗೆ ದಾರಿ ಕಾಣದೆ ಸಿಕ್ಕಿಬಿದ್ದ ಆಯಿಲ್. ಒಂದು ಮೊಳ ಹೋಸ್ ಪೈಪಿನಿಂದ ಇಳಿಸಬಹುದಾದ ಭಾರಕ್ಕೆ ಒಂದೂವರೆ ಪುಟ ತತ್ತ್ವಜ್ಞಾನ ಬರೆದಿದ್ದೀರಿ. ಅಷ್ಟನ್ನೂ ತೆಗೆಯಿರಿ.

ಮೊದಲ ಪುಟದ ವಿಲ್ಲಿಸ್ ಜೀಪಿನ ಚರಿತ್ರೆಯೂ ಬೇಡ, ಎಲ್ಲರೂ ಬರೆದಿದ್ದಾರೆ. ಇಟ್ಟುಕೊಳ್ಳಲೇಬೇಕೆಂದಿದ್ದರೆ ಒಂದು ಸಾಲು ಸಾಕು: ಯುದ್ಧಕಾಲದ ಆ ಜೀಪಿಗೆ ಪವರ್ ಸ್ಟಿಯರಿಂಗ್ ಇರಲಿಲ್ಲ, ಮಾರಾಟದ ಕಾರಿಗೆ ಅದು ಬಂದದ್ದು 1951ರಲ್ಲಿ, ಕ್ರೈಸ್ಲರ್ ಇಂಪೀರಿಯಲ್ಲಿಗೆ. ಇಂಜಿನ್ ಬದಲಿಸಲು ಆರ್‌ಟಿಒ ಕಚೇರಿಯ ಒಪ್ಪಿಗೆ ಪಡೆದು ಆರ್‌ಸಿಯಲ್ಲಿ ಹೊಸ ಸಂಖ್ಯೆ ಬರೆಸಿದ್ದೀರಾ ಎಂದೂ ತಿಳಿಸಿ. ವಾಹನದಲ್ಲಿ ಮಾಡುವ ಬದಲಾವಣೆಗೆ ಸಂಬಂಧಿಸಿದ, 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗೊತ್ತಿರುವ ಓದುಗರು ನಮಗಿದ್ದಾರೆ, ಅವರು ಕಾಗದ ಬರೆಯುವುದು ನನಗೆ.

ಇಷ್ಟು ತೆಗೆದ ಮೇಲೆ ಉಳಿದ ಪುಟಗಳನ್ನು ಮುಟ್ಟಬೇಡಿ. ಎರಡನೆಯದನ್ನು ಮಾತ್ರ ಹೊಸತಾಗಿ ಬರೆಯಿರಿ. ಬರೆಯುವ ಮೊದಲು ಮೇಸ್ತ್ರಿಯ ಬಳಿ ಹೋಗಿ, ಬಾನೆಟ್ ತೆಗೆಸಿ, ಬಾಕ್ಸ್ ತೋರಿಸಿ ಎನ್ನಿ. ಅಲ್ಲಿ ಬೋಲ್ಟ್ ಕಂಡರೆ ಬರಹ ಆಮೇಲೆ, ಮೊದಲು ಅದನ್ನು ಸರಿಮಾಡಿಸಿ. ಅಲ್ಲಿಯವರೆಗೆ ಘಟ್ಟ ಇಳಿಯಬೇಡಿ. ಮೇಸ್ತ್ರಿ ಹೇಳಿದ್ದನ್ನು ಅವರು ಹೇಳಿದ ಹಾಗೆಯೇ ಬರೆದುಕೊಳ್ಳಿ, ಅವರ ಹೆಸರು ಹಾಕಬಹುದೇ ಎಂದು ಕೇಳಿ. ದೀಪಾವಳಿ ಸಂಚಿಕೆ ತುಂಬಿದೆ, ಅದರ ನಂತರದ ಸಂಚಿಕೆಯಲ್ಲಿ ನಾಲ್ಕು ಪುಟ ಕಾದಿರಿಸುತ್ತೇನೆ. ತಲೆಬರಹವನ್ನು ನಾನೇ ಬದಲಿಸುತ್ತೇನೆ, ಅದಕ್ಕೆ ತಕರಾರು ಬೇಡ.

ಇತಿ,
ಸಂಪಾದಕ