ಪೋಖರಾಕ್ಕೆ ಒಬ್ಬರೇ ಹೊರಟವರ ಪ್ರಶ್ನೆಗಳು

ಪ್ರ: ನೇಪಾಳದ ಪೋಖರಾಕ್ಕೆ ವಿಮಾನ ಹತ್ತದೆ ಒಬ್ಬನೇ ಹೋಗುವ ಯೋಚನೆಯಿದೆ. ದಾರಿ ಯಾವುದು? ಆಧಾರ್ ಕಾರ್ಡ್ ಸಾಕೇ? ಹಣ ಹೇಗೆ ಒಯ್ಯಲಿ?
– ಹಾಸನದ ಓದುಗ

ಉ: ಬೆಂಗಳೂರಿನಿಂದ ಗೋರಖ್‌ಪುರಕ್ಕೆ ನೇರ ರೈಲಿದೆ, ಸುಮಾರು ಎರಡು ದಿನದ ಪ್ರಯಾಣ. ಅಲ್ಲಿಂದ ಬಸ್ಸಿನಲ್ಲಿ ಮೂರು ತಾಸಿಗೆ ಸುನೌಲಿ ಗಡಿ. ಗಡಿಯನ್ನು ನಡೆದೇ ದಾಟಬಹುದು. ಆಚೆಯ ಭೈರಹವಾದಿಂದ ಪೋಖರಾ ಬಸ್ಸು ಹಿಡಿಯುವಾಗ ‘ಪಾಲ್ಪಾ ಮೇಲೆ ಹೋಗುತ್ತದೆಯೇ’ ಎಂದು ಕೇಳಿ ಹತ್ತಿ. ನಾರಾಯಣಗಢ ಸುತ್ತಿ ಹೋಗುವ ಬಸ್ಸುಗಳೂ ಇವೆ, ಅದು ದೂರದ ದಾರಿ. ಪಾಲ್ಪಾ ದಾರಿಯಲ್ಲಿ ತಿರುವುಗಳೇ ತಿರುವುಗಳು. ವಾಂತಿಯಾಗುವವರು ಮುಂದಿನ ಸೀಟು ಕೇಳಿಕೊಳ್ಳಿ.

ಆಧಾರ್ ಒಂದನ್ನೇ ನಂಬಿ ಹೊರಡಬೇಡಿ. ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಇರಲಿ. ಜೊತೆಗೆ ನಾಲ್ಕು ಪಾಸ್‌ಪೋರ್ಟ್ ಅಳತೆಯ ಫೋಟೊ, ಗುರುತಿನ ಚೀಟಿಯ ಎರಡು ಜೆರಾಕ್ಸ್ ಇಟ್ಟುಕೊಳ್ಳಿ. ಸಿಮ್‌ಗೂ ಚಾರಣದ ಪರ್ಮಿಟ್‌ಗೂ ಕೇಳುತ್ತಾರೆ.

ನಮ್ಮ 100 ರೂಪಾಯಿಗೆ ನೇಪಾಳಿ 160. ಈ ದರ 1993ರಿಂದ ಬದಲಾಗಿಲ್ಲ. ದೊಡ್ಡ ನೋಟುಗಳ ನಿಯಮ ಹಲವು ಸಲ ಬದಲಾಗಿದೆ, ಹಾಗಾಗಿ ನೂರರ ನೋಟುಗಳೇ ಕ್ಷೇಮ. ಯಾರೇ ಬೆಲೆ ಹೇಳಲಿ, ‘ಐಸಿಯೋ, ಎನ್‌ಸಿಯೋ’ ಎಂದು ಮೊದಲು ಕೇಳಿ. ಐಸಿ ಎಂದರೆ ಭಾರತದ ರೂಪಾಯಿ, ಎನ್‌ಸಿ ಎಂದರೆ ನೇಪಾಳದ್ದು. 500 ಎಂದಾಗ ಕೇಳದೆ ನಮ್ಮ ನೋಟು ಕೊಟ್ಟರೆ 300 ಎನ್‌ಸಿ ಹೆಚ್ಚು ಕೊಟ್ಟಂತೆ. ಪೋಖರಾದ ಸರೋವರದ ದಂಡೆಯ ಪ್ರವಾಸಿ ಬೀದಿ ಲೇಕ್‌ಸೈಡ್‌ನ ಹಲವು ಅಂಗಡಿಗಳಲ್ಲಿ ನೇಪಾಳದ ಫೋನ್‌ಪೇ (Fonepay, ನಮ್ಮ PhonePe ಅಲ್ಲ) ಕ್ಯೂಆರ್‌ಗೆ ನಮ್ಮ ಯುಪಿಐ ನಡೆಯುತ್ತದೆ. ಬೆಟ್ಟದ ಮೇಲೆ ಅದನ್ನು ನೆಚ್ಚುವಂತಿಲ್ಲ, ಪೂರ್ತಿ ನಗದನ್ನು ಕೆಳಗಿನಿಂದಲೇ ಒಯ್ಯಬೇಕು. ಇನ್ನು, ಅಲ್ಲಿಯ ಗಡಿಯಾರ ನಮಗಿಂತ 15 ನಿಮಿಷ ಮುಂದೆ. ಬೆಳಗಿನ ಬಸ್ಸು ತಪ್ಪಿಸಿಕೊಳ್ಳಲು ಅಷ್ಟೇ ಸಾಕು!

ಪ್ರ: ಮೂರೇ ದಿನ ಇರುತ್ತೇನೆ. ದೊಡ್ಡ ಚಾರಣ ಬೇಡ, ಬೆಳಿಗ್ಗೆ ಹೋಗಿ ಸಂಜೆ ಮರಳುವಂಥ ನಡಿಗೆ ಹೇಳಿ.
– ಬೆಳಗಾವಿಯ ಓದುಗ

ಉ: ಒಂದನ್ನೇ ಆರಿಸಬೇಕೆಂದರೆ ಫೇದಿ–ಧಂಪುಸ್–ಆಸ್ಟ್ರೇಲಿಯನ್ ಕ್ಯಾಂಪ್–ಕಾಂಡೆ. ಫೇವಾ ಸರೋವರ ಇರುವುದು ಸುಮಾರು 800 ಮೀಟರ್ ಎತ್ತರದಲ್ಲಿ. ಬೆಳಿಗ್ಗೆ ಆರಕ್ಕೇ ಬಾಗ್ಲುಂಗ್ ರಸ್ತೆಯ ಲೋಕಲ್ ಬಸ್ಸು ಹಿಡಿದು ಫೇದಿಯಲ್ಲಿ ಇಳಿಯಿರಿ. ರಸ್ತೆಯ ಪಕ್ಕದಲ್ಲೇ ಕಲ್ಲುಮೆಟ್ಟಿಲು ಶುರು. ಎರಡು ತಾಸಿನಲ್ಲಿ 500 ಮೀಟರಿನಷ್ಟು ಏರಿದರೆ ಧಂಪುಸ್ (1,650 ಮೀ). ಅಲ್ಲಿಂದ ಕಾಡಿನೊಳಗೆ ಒಂದೂವರೆ ತಾಸು ನಡೆದರೆ ಆಸ್ಟ್ರೇಲಿಯನ್ ಕ್ಯಾಂಪ್ (ಸುಮಾರು 2,000 ಮೀ). ಅನ್ನಪೂರ್ಣ ಸೌತ್, ಹಿಯುಂಚುಲಿ, ಮಚ್ಛಾಪುಛ್ರೆ ಎದುರಿಗೇ ನಿಲ್ಲುತ್ತವೆ. ಇಳಿಯುವಾಗ ಬಂದ ದಾರಿ ಹಿಡಿಯದೆ ಕಾಂಡೆ ಕಡೆಗೆ ಹೋಗಿ. ಮುಕ್ಕಾಲು ತಾಸಿಗೆ ಹೆದ್ದಾರಿ ಸಿಗುತ್ತದೆ, ಪೋಖರಾಕ್ಕೆ ಬಸ್ಸೂ ಸಿಗುತ್ತದೆ. ಹತ್ತು ಗಂಟೆಯ ಹೊತ್ತಿಗೆ ಮೋಡ ಏರತೊಡಗುತ್ತದೆ. ತಡವಾಗಿ ಹೊರಟವರು ಮೇಲೆ ಹೋಗಿ ಬಿಳಿ ಗೋಡೆ ನೋಡಿ ಇಳಿಯುತ್ತಾರೆ.

ಎರಡನೆಯ ದಿನ ಶಾಂತಿ ಸ್ತೂಪ. ದೋಣಿಯಲ್ಲಿ ಸರೋವರ ದಾಟಿ ಮೆಟ್ಟಿಲು ಹತ್ತಿದರೆ ಒಂದು ತಾಸು. ಲೈಫ್ ಜಾಕೆಟ್ ಬಿಗಿಯಾಗಿ ಕಟ್ಟಿಸಿಕೊಳ್ಳಿ. ಡ್ಯಾಮ್‌ಸೈಡ್ ಕಡೆಯಿಂದ ಕಾಡಿನ ದಾರಿಯೂ ಇದೆ. ಆದರೆ ಒಬ್ಬರೇ ಇದ್ದರೆ ಸಂಜೆ ಆ ದಾರಿ ಬೇಡ, ಹಿಂದೆ ಅಲ್ಲಿ ಸುಲಿಗೆಗಳು ನಡೆದಿವೆ. ಸಾರಂಗಕೋಟ್‌ನ ಸೂರ್ಯೋದಯಕ್ಕೆ ಟ್ಯಾಕ್ಸಿಯವರು ಬೆನ್ನು ಬೀಳುತ್ತಾರೆ. ಒಬ್ಬರೇ ಬಾಡಿಗೆ ಕೊಟ್ಟರೆ ಎರಡು ದಿನದ ಊಟದ ದುಡ್ಡು ಹೋಗುತ್ತದೆ. ಹಾಸ್ಟೆಲಿನಲ್ಲಿ ಇನ್ನಿಬ್ಬರನ್ನು ಸೇರಿಸಿಕೊಳ್ಳಿ.

ಪ್ರ: ವಯಸ್ಸು 52. ಕುಮಾರಪರ್ವತ ಹತ್ತಿದ್ದೇನೆ. ಪೋಖರಾ ಬಳಿಯ ಪೂನ್ ಹಿಲ್ ಚಾರಣ ಒಬ್ಬಳೇ ಮಾಡಬಹುದೇ? ಗೈಡ್ ಬೇಕೇ ಬೇಕೇ?
– ಶಿರಸಿಯ ಓದುಗರು

ಉ: ಕುಕ್ಕೆಯಿಂದ ಕುಮಾರಪರ್ವತ ಹತ್ತಿ ಇಳಿದವರಿಗೆ ಪೂನ್ ಹಿಲ್‌ನ ಏರು ಹೊಸದಲ್ಲ. ಗೈಡ್ ವಿಷಯ ಬೇರೆ. 2023ರ ಏಪ್ರಿಲ್ 1ರಿಂದ ಅನ್ನಪೂರ್ಣ ಸೇರಿದಂತೆ ಹಲವು ಚಾರಣ ಮಾರ್ಗಗಳಲ್ಲಿ ವಿದೇಶಿಯರು ಪರವಾನಗಿಯಿರುವ ಗೈಡ್ ಜೊತೆಗೇ ಹೋಗಬೇಕು ಎಂಬ ನಿಯಮ ಬಂದಿದೆ. ‘ಯಾರೂ ಕೇಳುವುದಿಲ್ಲ’ ಎನ್ನುವವರು ಸಿಗುತ್ತಾರೆ. ಅವರ ಮಾತು ಕೇಳಿ ಹೋದರೆ, ಚೆಕ್‌ಪೋಸ್ಟಿನಲ್ಲಿ ನಿಂತು ವಾದ ಮಾಡುವುದು ನಿಮ್ಮ ಪಾಲಿಗೆ ಬರುತ್ತದೆ. ಗೈಡ್ ಖರ್ಚನ್ನು ಇನ್ನೊಬ್ಬ ಚಾರಣಿಗರ ಜೊತೆ ಹಂಚಿಕೊಂಡರೆ ಅರ್ಧವಾಗುತ್ತದೆ. ಅನ್ನಪೂರ್ಣ ಸಂರಕ್ಷಣಾ ಪ್ರದೇಶದ ಪರ್ಮಿಟ್ ಭಾರತ ಸೇರಿದಂತೆ ಸಾರ್ಕ್ ದೇಶದವರಿಗೆ 1,000 ಎನ್‌ಸಿ. ಮೊದಲೇ ಮಾಡಿಸಿಕೊಳ್ಳಿ, ಚೆಕ್‌ಪೋಸ್ಟಿನಲ್ಲಿ ಮಾಡಿಸಿದರೆ ಎರಡು ಪಟ್ಟು.

ಈಗ ಜೀಪು ಉಲ್ಲೇರಿಯವರೆಗೂ ಹೋಗುತ್ತದೆ. ಅನೇಕರು ಎಡವುವುದು ಇಲ್ಲೇ. ಬೆಳಿಗ್ಗೆ ಜೀಪು ಹತ್ತಿ, ಅದೇ ಸಂಜೆ ಘೋರೆಪಾನಿ (2,860 ಮೀ) ತಲುಪಿ ಮಲಗುತ್ತಾರೆ. ಒಂದೇ ದಿನಕ್ಕೆ 2,000 ಮೀಟರ್ ಏರಿದ್ದಕ್ಕೆ ಮೈ ಹೊಂದಿಕೊಂಡಿರುವುದಿಲ್ಲ. ರಾತ್ರಿ ತಲೆ ಸಿಡಿಯುತ್ತದೆ, ನಿದ್ದೆ ಬರುವುದಿಲ್ಲ. ತಿಖೇಢುಂಗಾದಿಂದ (1,540 ಮೀ) ನಡೆಯಿರಿ, ಉಲ್ಲೇರಿಯ ಮೂರು ಸಾವಿರಕ್ಕೂ ಹೆಚ್ಚು ಮೆಟ್ಟಿಲು ಹತ್ತಿ ಅಲ್ಲೇ ತಂಗಿ. ಮರುದಿನ ಘೋರೆಪಾನಿ. ಮೂರನೆಯ ದಿನ ನಸುಕಿಗೆ ಪೂನ್ ಹಿಲ್ (3,210 ಮೀ), ಆಮೇಲೆ ತಾಡಾಪಾನಿ. ನಾಲ್ಕನೆಯ ದಿನ ಘಾಂದ್ರುಕ್‌ಗೆ ಇಳಿದು ಜೀಪು.

ಪೂನ್ ಹಿಲ್ ಮೇಲೆ ಚಳಿ ಹಿಡಿಯುವುದು ಗಾಳಿಯೊಂದರಿಂದಲೇ ಅಲ್ಲ. 350 ಮೀಟರ್ ಏರುವಾಗ ಬೆವರಿ ಬನಿಯನ್ ಒದ್ದೆಯಾಗಿರುತ್ತದೆ, ಮೇಲೆ ಅರ್ಧ ತಾಸು ನಿಂತಾಗ ಅದೇ ಮಂಜುಗಡ್ಡೆಯಂತೆ ಬೆನ್ನಿಗೆ ಅಂಟುತ್ತದೆ. ಒಣ ಬನಿಯನ್ ಚೀಲದಲ್ಲಿರಲಿ, ತಲುಪಿದ ಕೂಡಲೇ ಜಾಕೆಟ್ ಮರೆಯಲ್ಲಿ ಬದಲಿಸಿ. ಹತ್ತಿಯದು ಬೇಡ.

ಮಂಡಿಗೆ ಕಷ್ಟ ಇಳಿಜಾರಿನಲ್ಲಿ. ಊರುಗೋಲನ್ನು ಇಳಿಯುವಾಗ ಐದರಿಂದ ಹತ್ತು ಸೆಂಟಿಮೀಟರ್ ಉದ್ದ ಮಾಡಿ, ಹೆಜ್ಜೆ ಚಿಕ್ಕದಿರಲಿ. ಹೊರಡುವ ಹಿಂದಿನ ದಿನ ಕಾಲುಗುರು ಕತ್ತರಿಸಿ, ಲೇಸನ್ನು ಕಣಕಾಲಿನ ಹತ್ತಿರ ಬಿಗಿಯಿರಿ. ಇಲ್ಲದಿದ್ದರೆ ಬೆರಳು ಶೂ ತುದಿಗೆ ಬಡಿದು ಬಡಿದು ಉಗುರು ಕಪ್ಪಾಗುತ್ತದೆ. ಜನವರಿ–ಫೆಬ್ರುವರಿಯಲ್ಲಾದರೆ ಘೋರೆಪಾನಿ–ತಾಡಾಪಾನಿ ನಡುವೆ ಕಾಡಿನ ನೆರಳಲ್ಲಿ ಮಂಜು ಗಟ್ಟಿಯಾಗಿರುತ್ತದೆ. ಶೂಗೆ ಕಟ್ಟುವ ಮುಳ್ಳುಪಟ್ಟಿ ಲೇಕ್‌ಸೈಡ್‌ನಲ್ಲೇ ಸಿಗುತ್ತದೆ.

ಪ್ರ: ರಜೆ ಸಿಗುವುದು ಜುಲೈನಲ್ಲಿ ಮಾತ್ರ.
– ಮೈಸೂರಿನ ಓದುಗ

ಉ: ಹಾಗಾದರೆ ಹಿಮಶಿಖರದ ಆಸೆ ಬಿಡಿ, ಉಂಬಳಕ್ಕೆ ಸಿದ್ಧರಾಗಿ. ಪೋಖರಾ ಪಕ್ಕದ ಲುಮ್ಲೆ ನೇಪಾಳದಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗ. ಮಲೆನಾಡಿನ ಉಪಾಯವೇ ಅಲ್ಲೂ ನಡೆಯುತ್ತದೆ: ಪ್ಯಾಂಟನ್ನು ಕಾಲುಚೀಲದೊಳಗೆ ತೂರಿಸಿ, ಬಟ್ಟೆಯಲ್ಲಿ ಉಪ್ಪು ಕಟ್ಟಿ ಕಚ್ಚಿದ ಉಂಬಳಕ್ಕೆ ಒತ್ತಿ. ರಸ್ತೆ ಕುಸಿದು ಬಸ್ಸು ನಿಲ್ಲುವುದಂತೂ ಇದ್ದದ್ದೇ, ಮರಳುವ ರೈಲಿಗೆ ಎರಡು ದಿನ ಮುಂಚೆಯೇ ಪೋಖರಾ ಬಿಡಿ. ಅಕ್ಟೋಬರ್–ನವೆಂಬರ್‌ಗೆ ಮುಂದೂಡಲು ಸಾಧ್ಯವಾದರೆ ಅದೇ ಒಳ್ಳೆಯದು.

ಪ್ರ: ಬೆಟ್ಟದ ಮೇಲೆ ಸಸ್ಯಾಹಾರಿಗಳಿಗೆ ಊಟ ಸಿಗುತ್ತದೆಯೇ? ಉಳಿತಾಯ ಎಲ್ಲಿ ಮಾಡಬಹುದು?
– ದಾವಣಗೆರೆಯ ಓದುಗ

ಉ: ‘ಮ ಮಾಸು ಖಾಂದಿನ’ (ನಾನು ಮಾಂಸ ತಿನ್ನುವುದಿಲ್ಲ) ಎಂದರೆ ಅನ್ನ, ಬೇಳೆ, ಪಲ್ಯ, ಸೊಪ್ಪು, ಉಪ್ಪಿನಕಾಯಿ ಬರುತ್ತದೆ. ದಾಲ್ ಭಾತ್‌ಗೆ ಮತ್ತೆ ಮತ್ತೆ ಬಡಿಸುತ್ತಾರೆ, ಅದೇ ದರದಲ್ಲಿ. ಪಿಜ್ಜಾ, ನೂಡಲ್ಸ್‌ಗೆ ಈ ಸೌಲಭ್ಯವಿಲ್ಲ. ಟೀ ಹೌಸ್‌ನ (ಚಾರಣದ ದಾರಿಯ ವಸತಿಗೃಹ) ಕೋಣೆ ಅಗ್ಗವಿರುವುದು ಅಲ್ಲೇ ಉಣ್ಣುತ್ತೀರಿ ಎಂಬ ಲೆಕ್ಕದಲ್ಲಿ. ಹೊರಗೆ ಉಂಡು ಬಂದರೆ ಬಾಡಿಗೆ ಏರುತ್ತದೆ, ಮುಖವೂ ಬಿಗಿಯುತ್ತದೆ. ಅಕ್ಟೋಬರ್‌ನಲ್ಲಿ ಒಬ್ಬರೇ ಬಂದವರಿಗೆ ಕೋಣೆ ಕೊಡಲು ಹಿಂಜರಿಯುತ್ತಾರೆ, ಮಧ್ಯಾಹ್ನ ಎರಡರೊಳಗೆ ತಲುಪಿ. ಬಿಸಿನೀರಿನ ಸ್ನಾನ, ಚಾರ್ಜಿಂಗ್, ಬಾಟಲಿ ನೀರು ಎಲ್ಲಕ್ಕೂ ಮೇಲೆ ಹೋದಂತೆ ದುಡ್ಡು ಹೆಚ್ಚು. ಕ್ಲೋರಿನ್ ಮಾತ್ರೆ ಹಾಕಿ ಅರ್ಧ ತಾಸು ಬಿಟ್ಟು ಕುಡಿದರೆ ಬಾಟಲಿಯ ಖರ್ಚಿಲ್ಲ. ಚಳಿಗೆ ಫೋನಿನ ಬ್ಯಾಟರಿ ಬೇಗ ಇಳಿಯುತ್ತದೆ, ರಾತ್ರಿ ಕಂಬಳಿಯೊಳಗೇ ಇಟ್ಟುಕೊಂಡು ಮಲಗಿ.